ಕರೆಂಟು ಕೊಟ್ಟ ಎದೆಯಲ್ಲಿ ಮಾಯದ ಹುಣ್ಣು

ಸ್ತನದ ಕ್ಯಾನ್ಸರಿಗೆ ಆಪರೇಷನ್ ಆಗಿ, ಊರಿನವರು ಕರೆಂಟು ಎನ್ನುವ ರೇಡಿಯೇಷನ್ ಮುಗಿದು, ಹತ್ತು ಹನ್ನೆರಡು ವರ್ಷ ಏನೂ ತೊಂದರೆಯಿಲ್ಲದೆ ಕಳೆದ ಮೇಲೆ ಎದೆಯ ಮೇಲೆ ಒಂದು ಸಣ್ಣ ಬಿರುಕು ಕಾಣಿಸಿಕೊಳ್ಳುತ್ತದೆ. ರವಿಕೆಯ ಅಂಚು ಉಜ್ಜಿದ್ದಿರಬಹುದು, ಸೊಳ್ಳೆ ಕಚ್ಚಿ ತುರಿಸಿದ್ದಿರಬಹುದು. ಬೇರೆ ಜಾಗದಲ್ಲಾದರೆ ನಾಲ್ಕು ದಿನದಲ್ಲಿ ಮಾಯುವ ಗಾಯ ಇಲ್ಲಿ ನಾಲ್ಕು ತಿಂಗಳಾದರೂ ಮಾಯುವುದಿಲ್ಲ. ಕಾಸರಗೋಡಿನಲ್ಲಿ, ಮುಳ್ಳೇರಿಯದಿಂದ ಮಂಜೇಶ್ವರದವರೆಗೆ ನಮ್ಮ ಮನೆಗಳಲ್ಲಿ ಇಂಥ ಗಾಯಕ್ಕೆ ನಡೆಯುವ ಉಪಚಾರ ಹೆಚ್ಚುಕಡಿಮೆ ಒಂದೇ: ಅರಶಿನ, ತೆಂಗಿನೆಣ್ಣೆ, ಮೆಡಿಕಲ್ ಶಾಪಿನ ಟ್ಯೂಬು, ಆಮೇಲೆ ಪೇಟೆಯ ಕ್ಲಿನಿಕ್ಕಿನಲ್ಲಿ ದಿನ ಬಿಟ್ಟು ದಿನ ಡ್ರೆಸ್ಸಿಂಗ್. ಹಾಗೆಯೇ ಎರಡು ಮೂರು ವರ್ಷ ಸರಿಯುತ್ತದೆ. ಆ ವರ್ಷಗಳು ಹಾಳಾಗಬಾರದು ಎಂಬ ಕಾಳಜಿಯಿಂದ ಇದನ್ನು ಬರೆಯುತ್ತಿದ್ದೇನೆ.

ಈ ಗಾಯ ಯಾಕೆ ಮಾಯುವುದಿಲ್ಲ ಎಂಬುದು ಗೊತ್ತಾದರೆ ಚಿಕಿತ್ಸೆಯ ಅರ್ಧ ದಾರಿ ತಾನಾಗಿ ತಿಳಿಯುತ್ತದೆ. ರೇಡಿಯೇಷನ್ ಕೊಡುವಾಗ ಅಥವಾ ಮುಗಿದ ಕೂಡಲೇ ಚರ್ಮ ಕೆಂಪಾಗಿ ಸುಲಿಯುವುದು ಬೇರೆ ವಿಷಯ. ಅದು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರದಲ್ಲಿ ವಾಸಿಯಾಗುತ್ತದೆ. ಈಗ ಹೇಳುತ್ತಿರುವುದು ತಡವಾಗಿ, ನಿಧಾನವಾಗಿ ಆಗುವ ಹಾನಿ. ಕಿರಣ ಬಿದ್ದ ಜಾಗದ ಸಣ್ಣ ರಕ್ತನಾಳಗಳ ಒಳಪದರ ದಪ್ಪವಾಗುತ್ತಾ ಬಂದು ವರ್ಷಗಳ ನಂತರ ನಾಳವೇ ಮುಚ್ಚಿಹೋಗುತ್ತದೆ. ಗಾಯವನ್ನು ಕಟ್ಟಬೇಕಾದ ನಾರುಕೋಶಗಳು ಸೊರಗಿರುತ್ತವೆ. ಅಂಗಾಂಶದಲ್ಲಿ ರಕ್ತನಾಳ ಕಡಿಮೆ, ಜೀವಕೋಶ ಕಡಿಮೆ, ಆಮ್ಲಜನಕ ಕಡಿಮೆ. ಉಳಿದದ್ದು ಗಟ್ಟಿ ನಾರು. ಮುಟ್ಟಿ ನೋಡಿದರೆ ಚರ್ಮ ಹಲಗೆಯಂತಿರುತ್ತದೆ, ಕೆಳಗಿನ ಪಕ್ಕೆಲುಬಿಗೆ ಅಂಟಿಕೊಂಡಿರುತ್ತದೆ, ಮೇಲೆ ಕೆಂಪು ಜೇಡರ ಬಲೆಯಂಥ ಸಣ್ಣ ನಾಳಗಳು ಕಾಣುತ್ತವೆ.

ಮುರಕಲ್ಲಿನ ಗುಡ್ಡಕ್ಕೆ ಸುರಂಗ ಕೊರೆದು ಒಳಗಿನ ಒರತೆಯನ್ನು ತೋಟಕ್ಕೆ ತಂದ ಊರು ನಮ್ಮದು. ಒರತೆಯಿಲ್ಲದ ನೆಲದಲ್ಲಿ ಎಂಥ ಒಳ್ಳೆಯ ಸಸಿ ನೆಟ್ಟರೂ ಒಣಗುತ್ತದೆ ಎಂದು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಕಿರಣ ತಿಂದ ಎದೆಯ ಮೇಲೆ ತೊಡೆಯ ತೆಳು ಚರ್ಮ ತೆಗೆದು ಅಂಟಿಸಿದರೆ ಅದು ನಿಲ್ಲದಿರುವುದು ಇದೇ ಕಾರಣಕ್ಕೆ. ಅಂಟಿಸಿದ ಚರ್ಮ ಮೊದಲ ಕೆಲವು ದಿನ ಕೆಳಗಿನ ನೆಲದಿಂದಲೇ ಆಹಾರ ಹೀರಿ ಬದುಕಬೇಕು, ಆ ನೆಲದಲ್ಲೇ ರಸವಿಲ್ಲ. ಗಾಯದ ಅಂಚು ಎಳೆದು ಹೊಲಿದರೂ ಅಷ್ಟೆ. ದಾರ ಗಟ್ಟಿ ಚರ್ಮವನ್ನು ಸೀಳಿಕೊಂಡು ಹತ್ತು ದಿನದಲ್ಲಿ ಹೊರಬರುತ್ತದೆ, ಗಾಯ ಮೊದಲಿಗಿಂತ ದೊಡ್ಡದಾಗುತ್ತದೆ. ಬೇಕಾದದ್ದು ತನ್ನದೇ ರಕ್ತನಾಳದೊಂದಿಗೆ ಬೇರೆ ಕಡೆಯಿಂದ ಬರುವ ಮಾಂಸ. ಅದಕ್ಕೆ ಆಸ್ಪತ್ರೆಯಲ್ಲಿ ಫ್ಲಾಪ್ ಎನ್ನುತ್ತಾರೆ.

ಎಲ್ಲರಿಗೂ ಹೀಗಾಗುವುದಿಲ್ಲ ಎಂಬುದನ್ನೂ ಸ್ಪಷ್ಟವಾಗಿ ಹೇಳಬೇಕು. ಹೆದರಿ ರೇಡಿಯೇಷನ್ನೇ ಬೇಡ ಎನ್ನುವವರು ಕ್ಯಾನ್ಸರಿಗೆ ದಾರಿ ಬಿಟ್ಟುಕೊಡುತ್ತಾರೆ. ಹಿಂದೆ 5 ವಾರಗಳಲ್ಲಿ 25 ಸಲವಾಗಿ 50 ಗ್ರೇ (ಗ್ರೇ ಎಂದರೆ ಕಿರಣದ ಡೋಸಿನ ಅಳತೆ) ಕೊಡುತ್ತಿದ್ದರು. ಈಗ 3 ವಾರಗಳಲ್ಲಿ 15 ಸಲವಾಗಿ 40 ಗ್ರೇ ಕೊಡುವುದು ರೂಢಿಯಾಗಿದೆ. ಒಂದೇ ವಾರದಲ್ಲಿ 5 ಸಲವಾಗಿ 26 ಗ್ರೇ ಕೊಟ್ಟು ನೋಡಿದ ಬ್ರಿಟನ್ನಿನ ಅಧ್ಯಯನದ ಫಲಿತಾಂಶ 2020ರಲ್ಲಿ ಬಂತು. ಸಿ.ಟಿ. ತೆಗೆದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಕೊಡುವ ಈಗಿನ ಯಂತ್ರಗಳಲ್ಲಿ ಇಂಥ ಹುಣ್ಣು ಅಪರೂಪ. ಹಳೆಯ ಕೋಬಾಲ್ಟ್ ಯಂತ್ರದ ಕಿರಣ ಚರ್ಮದಿಂದ ಅರ್ಧ ಸೆಂ.ಮೀ. ಕೆಳಗೇ ತನ್ನ ಗರಿಷ್ಠ ಡೋಸ್ ಮುಟ್ಟುತ್ತದೆ, ಈಗಿನ 6 ಎಂ.ವಿ. ಲಿನ್ಯಾಕ್ ಯಂತ್ರದ ಕಿರಣಕ್ಕೆ ಆ ಆಳ ಒಂದೂವರೆ ಸೆಂ.ಮೀ. ಹಾಗಾಗಿ ಹಳೆಯ ಯಂತ್ರದಲ್ಲಿ ಚರ್ಮಕ್ಕೆ ಪೆಟ್ಟು ಹೆಚ್ಚು. ಕತ್ತಿನ ಬುಡಕ್ಕೆ ಕೊಟ್ಟ ಕಿರಣದ ಅಂಚು ಎದೆಗೆ ಕೊಟ್ಟ ಕಿರಣದ ಅಂಚಿನ ಮೇಲೆ ಬಿದ್ದರೆ ಆ ಗೆರೆಯುದ್ದಕ್ಕೂ ಡೋಸ್ ಏರುತ್ತದೆ. ಕ್ಯಾನ್ಸರ್ ಮರಳಿತೆಂದು ಅದೇ ಜಾಗಕ್ಕೆ ಎರಡನೇ ಸಲ ಕೊಟ್ಟವರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ, ಬೀಡಿ ಸೇದುವವರಲ್ಲಿ, ಹೊಗೆಸೊಪ್ಪು ಜಗಿಯುವವರಲ್ಲಿ ಅಪಾಯ ಇನ್ನೂ ಹೆಚ್ಚು.

ಹುಣ್ಣೊಂದೇ ತೊಂದರೆಯಲ್ಲ. ಪಕ್ಕೆಲುಬು ಒಳಗಿಂದೊಳಗೆ ಸತ್ತು, ಕೆಮ್ಮಿದರೂ ಮುರಿಯಬಹುದು. ಸತ್ತ ಎಲುಬಿನ ಚೂರು ಒಳಗಿದ್ದರೆ ಸೂಜಿ ಚುಚ್ಚಿದಷ್ಟು ಸಣ್ಣ ತೂತಿನಿಂದ ವರ್ಷಗಟ್ಟಲೆ ಕೀವು ಜಿನುಗುತ್ತದೆ. ಎದೆಮೂಳೆ, ಕೊರಳೆಲುಬುಗಳಿಗೂ ಇದೇ ಗತಿ ಬರಬಹುದು. ತೀರಾ ಆಳಕ್ಕೆ ಹೋದರೆ ಶ್ವಾಸಕೋಶದ ಹೊದಿಕೆಗೆ ದಾರಿಯಾಗಿ, ಉಸಿರೆಳೆದಾಗ ಗಾಯದಲ್ಲಿ ಗುಳ್ಳೆ ಏಳುತ್ತದೆ. ಗುಳ್ಳೆ ಕಂಡರೆ ಮರುದಿನದವರೆಗೆ ಕಾಯುವ ಪ್ರಶ್ನೆಯೇ ಇಲ್ಲ, ಅಂದೇ ಆಸ್ಪತ್ರೆಗೆ ಹೋಗಬೇಕು. ಗಾಯದಿಂದ ಒಮ್ಮೆಲೇ ಕೆಂಪು ರಕ್ತ ಚಿಮ್ಮಿದರೂ ಹಾಗೆಯೇ: ಶುಭ್ರ ಬಟ್ಟೆ ಮಡಚಿಟ್ಟು ಅಂಗೈಯಿಂದ ಗಟ್ಟಿಯಾಗಿ ಒತ್ತಿ ಹಿಡಿದೇ ಹೊರಡಬೇಕು.

ಈಗ ಅತಿ ಮುಖ್ಯವಾದ ಮಾತು. ರೇಡಿಯೇಷನ್ ಆದ ಜಾಗದ ಹುಣ್ಣನ್ನು ಬಯಾಪ್ಸಿ (ಚೂರು ತೆಗೆದು ಪರೀಕ್ಷೆ) ಮಾಡದೆ ಬರೀ ರೇಡಿಯೇಷನ್ ಹುಣ್ಣು ಎಂದು ಕರೆಯಲೇಬಾರದು. ಹಳೆಯ ಕ್ಯಾನ್ಸರೇ ಮರಳಿ ಬಂದಿರಬಹುದು. ಕಿರಣದಿಂದಲೇ ಹುಟ್ಟುವ ಸಾರ್ಕೋಮಾ ಎಂಬ ಹೊಸ ಕ್ಯಾನ್ಸರ್ ಆಗಿರಬಹುದು. ಅದರಲ್ಲೂ ಆಂಜಿಯೋಸಾರ್ಕೋಮಾ ಮೊದಮೊದಲು ಪೆಟ್ಟು ಬಿದ್ದು ರಕ್ತ ಹೆಪ್ಪುಗಟ್ಟಿದಂತೆ ನೇರಳೆ ಬಣ್ಣದ ಕಲೆಯಾಗಿ ಕಾಣುತ್ತದೆ, ನೋಯುವುದೂ ಇಲ್ಲ. ಎಷ್ಟೋ ಸಲ ರೇಡಿಯೇಷನ್ ಆಗಿ ಐದರಿಂದ ಹತ್ತು ವರ್ಷಗಳ ನಡುವೆ ಬರುತ್ತದೆ. ಪೆಟ್ಟು ಬಿದ್ದ ನೆನಪಿಲ್ಲದೆ ಇಂಥ ಕಲೆ ಎರಡು ವಾರವಾದರೂ ಮಾಸದಿದ್ದರೆ ತೋರಿಸಿ. ಬಯಾಪ್ಸಿಗೆ ಒಂದೇ ಚೂರು ತೆಗೆದರೆ ಸಾಲದು. ಹುಣ್ಣಿನ ಸುತ್ತ ನಾಲ್ಕೂ ದಿಕ್ಕಿನ ಅಂಚಿನಿಂದ, ತಳದಿಂದಲೂ ಚೂರುಗಳು ಬೇಕು, ಏಕೆಂದರೆ ಮಧ್ಯದಲ್ಲಿ ಸತ್ತ ಮಾಂಸವಷ್ಟೇ ಸಿಕ್ಕಿ ರಿಪೋರ್ಟು ಕ್ಯಾನ್ಸರ್ ಇಲ್ಲ ಎಂದು ಬರಬಹುದು. ನೋಟಕ್ಕೆ ಅನುಮಾನ ಉಳಿದರೆ ಮತ್ತೊಮ್ಮೆ ತೆಗೆಸುವುದು ತಪ್ಪಲ್ಲ.

ನಮ್ಮ ದೇಶದಲ್ಲಿ ಇನ್ನೊಂದು ಸಾಧ್ಯತೆಯನ್ನು ಮರೆಯುವ ಹಾಗಿಲ್ಲ: ಕ್ಷಯ. ಪಕ್ಕೆಲುಬಿನ ಕ್ಷಯವೂ ಇದೇ ರೀತಿ ಸಣ್ಣ ತೂತು, ಜಿನುಗುವ ಕೀವು, ತಿಂದುಹೋದ ಎಲುಬು ತೋರಿಸುತ್ತದೆ. ಆದ್ದರಿಂದ ತೆಗೆದ ಮಾಂಸದ ಒಂದು ಚೂರು ಫಾರ್ಮಲಿನ್ ಬಾಟಲಿಗೆ ಹೋದರೆ ಇನ್ನೊಂದು ಚೂರು ಬರೀ ಸಲೈನಿನಲ್ಲಿ ಲ್ಯಾಬಿಗೆ ಹೋಗಬೇಕು, ಕಲ್ಚರಿಗೂ (ಕ್ರಿಮಿ ಬೆಳೆಸಿ ನೋಡುವ ಪರೀಕ್ಷೆ) ಕ್ಷಯದ ಸಿ.ಬಿ.ನ್ಯಾಟ್ ಪರೀಕ್ಷೆಗೂ. ಎಲ್ಲವನ್ನೂ ಫಾರ್ಮಲಿನ್ನಿಗೆ ಹಾಕಿಬಿಟ್ಟರೆ ಕಲ್ಚರ್ ಮಾಡಲಾಗುವುದಿಲ್ಲ, ಮತ್ತೆ ಚುಚ್ಚಿಸಿಕೊಳ್ಳಬೇಕಾಗುತ್ತದೆ. ಗಾಯದ ಮೇಲೆ ಹತ್ತಿ ಉಜ್ಜಿ ಕಳಿಸಿದ ಕಲ್ಚರಿಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಅದರಲ್ಲಿ ಮೇಲೆ ಕೂತ ಕ್ರಿಮಿಗಳೇ ಬೆಳೆಯುತ್ತವೆ, ಎಲುಬಿನೊಳಗಿನವು ಬೇರೆಯೇ ಇರುತ್ತವೆ.

ಆಮೇಲೆ ಕಾಂಟ್ರಾಸ್ಟ್ ಹಾಕಿದ ಎದೆಯ ಸಿ.ಟಿ. ಯಾವ ಪಕ್ಕೆಲುಬು ಎಲ್ಲಿಯವರೆಗೆ ಸತ್ತಿದೆ, ಶ್ವಾಸಕೋಶ ಅಂಟಿದೆಯೇ, ಹೃದಯ ಎಷ್ಟು ಹತ್ತಿರ ಎಂಬುದು ಅದರಲ್ಲಿ ಗೊತ್ತಾಗುತ್ತದೆ. ಅದನ್ನೇ ಆಂಜಿಯೋಗ್ರಾಂ ರೀತಿಯಲ್ಲಿ ತೆಗೆಸಿದರೆ ಫ್ಲಾಪಿಗೆ ಬೇಕಾದ ರಕ್ತನಾಳಗಳು ಉಳಿದಿವೆಯೇ ಎಂಬುದೂ ತಿಳಿಯುತ್ತದೆ; ಎರಡು ಸಲ ಖರ್ಚು ಮಾಡಬೇಕಾಗಿಲ್ಲ. ಕ್ಯಾನ್ಸರಿನ ಶಂಕೆ ಇದ್ದರೆ ಪೆಟ್ ಸಿ.ಟಿ., ಕೈಯ ನರಗಳ ತೊಂದರೆ ಇದ್ದರೆ ಎಂ.ಆರ್.ಐ. ಎಡ ಎದೆಗೆ ಕಿರಣ ಬಿದ್ದಿದ್ದರೆ, ಕೆಂಪು ಬಣ್ಣದ ಕೀಮೋ ಮದ್ದು ತೆಗೆದುಕೊಂಡಿದ್ದರೆ ಹೃದಯದ ಎಕೋ ಸ್ಕ್ಯಾನ್ ಬೇಕೇ ಬೇಕು. ಆ ಎರಡೂ ಹೃದಯವನ್ನು ದುರ್ಬಲಗೊಳಿಸುತ್ತವೆ. ಊದುವ ಪರೀಕ್ಷೆಯಲ್ಲಿ ಶ್ವಾಸಕೋಶದ ಬಲ ನೋಡುತ್ತಾರೆ.

ಹಳೆಯ ಕಾಗದಪತ್ರ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ನಮ್ಮವರು ರೇಡಿಯೇಷನ್ನಿಗೆ ಹೋದದ್ದು ತಿರುವನಂತಪುರದ ರೀಜನಲ್ ಕ್ಯಾನ್ಸರ್ ಸೆಂಟರಿಗಿರಬಹುದು, ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿಗಿರಬಹುದು, ಮಂಗಳೂರಿಗಿರಬಹುದು. ಹಳೆಯ ಓ.ಪಿ. ಚೀಟಿಯ ನಂಬರು ಇದ್ದರೆ ಅಲ್ಲಿಂದ ರೇಡಿಯೇಷನ್ ಸಮರಿ (ಸಾರಾಂಶದ ಕಾಗದ) ಕೇಳಿ. ಬೇಕಾದದ್ದು ಇಷ್ಟು: ಒಟ್ಟು ಎಷ್ಟು ಗ್ರೇ, ಎಷ್ಟು ಸಲ, ಯಾವ ತಿಂಗಳು, ಯಾವ ಯಂತ್ರ, ಎದೆಯಲ್ಲದೆ ಕತ್ತಿನ ಬುಡಕ್ಕೂ ಕಂಕುಳಿಗೂ ಕೊಟ್ಟಿದ್ದಾರೆಯೇ, ಕೊನೆಗೆ ಬೂಸ್ಟ್ (ಹೆಚ್ಚುವರಿ ಡೋಸ್) ಕೊಟ್ಟಿದ್ದಾರೆಯೇ. ಕಾಗದ ಒಂದೂ ಸಿಗದಿದ್ದರೆ ಚರ್ಮದ ಮೇಲೆ ಹುಡುಕಿ. ಕಿರಣದ ಗಡಿ ಗುರುತಿಸಲು ಹಾಕಿದ ಸಾಸಿವೆಗಿಂತಲೂ ಸಣ್ಣ ಹಚ್ಚೆಯ ಚುಕ್ಕೆಗಳು ಎದೆಯ ನಡುವೆ, ಪಕ್ಕೆಯಲ್ಲಿ ಉಳಿದಿದ್ದರೆ, ಫ್ಲಾಪನ್ನು ಯಾವ ಗೆರೆಯ ಆಚೆಯಿಂದ ತರಬೇಕು ಎಂಬುದನ್ನು ಅವೇ ಹೇಳುತ್ತವೆ. 2020ರ ಮಾರ್ಚಿನಲ್ಲಿ ಕೋವಿಡ್ ಕಾರಣಕ್ಕೆ ತಲಪಾಡಿಯ ಕೇರಳ–ಕರ್ನಾಟಕ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ಕಡೆಯ ರೋಗಿಗಳು ಪಟ್ಟ ಪಾಡು ಎಲ್ಲರಿಗೂ ಗೊತ್ತಿದೆ. ಕಾಗದಗಳ ಒಂದು ಪ್ರತಿ ಯಾವಾಗಲೂ ಮನೆಯಲ್ಲಿರಲಿ, ಫೋಟೋ ಮೊಬೈಲಿನಲ್ಲಿರಲಿ.

ಆಪರೇಷನ್ ಇಲ್ಲದೆ ಆಗುವುದಿಲ್ಲವೇ ಎಂದು ಕೇಳುವವರಿಗೆ: ಚರ್ಮ ಗಟ್ಟಿಯಾಗಿದೆ, ಹುಣ್ಣು ಮೇಲ್ಮೈಯಲ್ಲಷ್ಟೇ ಇದೆ, ಎಲುಬು ಚೆನ್ನಾಗಿದೆ ಎಂದಾದರೆ ಪ್ರಯತ್ನಿಸಬಹುದು. ಪೆಂಟಾಕ್ಸಿಫಿಲಿನ್ 400 ಮಿ.ಗ್ರಾಂ. ದಿನಕ್ಕೆ ಎರಡು ಸಲ, ಜೊತೆಗೆ ವಿಟಮಿನ್ ಇ ದಿನಕ್ಕೆ 1000 ಯೂನಿಟ್, ಕನಿಷ್ಠ ಆರು ತಿಂಗಳು. ಇದು ನಾರನ್ನು ಸ್ವಲ್ಪ ಮೆದುಗೊಳಿಸುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು. ಹೆಚ್ಚಿನ ಒತ್ತಡದ ಆಮ್ಲಜನಕದ ಕೋಣೆಯಲ್ಲಿ 2ರಿಂದ 2.5 ಪಟ್ಟು ವಾಯುಭಾರದಲ್ಲಿ ದಿನಕ್ಕೆ ಒಂದೂವರೆ ಗಂಟೆಯಂತೆ 30ರಿಂದ 40 ದಿನ ಕೂರಿಸುವ ಪದ್ಧತಿಯೂ ಇದೆ. ಬದುಕಿರುವ ಅಂಗಾಂಶಕ್ಕೆ ಅದು ಸಹಾಯ ಮಾಡೀತು, ಸತ್ತ ಎಲುಬಿಗೆ ಜೀವ ತರುವುದಿಲ್ಲ. ತಳದಲ್ಲಿ ಬಿಳಿ ಎಲುಬು ಕಾಣುತ್ತಿರುವ ಹುಣ್ಣಿಗೆ ಇವುಗಳನ್ನೇ ನಂಬಿ ವರ್ಷ ಕಳೆಯುವುದನ್ನು ನಾನು ಒಪ್ಪುವುದಿಲ್ಲ.

ಮನೆಯಲ್ಲಿ ಗಾಯ ತೊಳೆಯಲು ಸಲೈನ್ ಸಾಕು. ಹೈಡ್ರೋಜನ್ ಪೆರಾಕ್ಸೈಡಿನ ನೊರೆ ನೋಡಲು ಶುದ್ಧಿಯಾದಂತೆ ಕಾಣುತ್ತದೆ, ಆದರೆ ಅಳಿದುಳಿದ ಜೀವಕೋಶಗಳನ್ನೂ ಅದು ಕೊಲ್ಲುತ್ತದೆ. ಎಣ್ಣೆ ತಿಕ್ಕಿ ಬಿಸಿನೀರಿನ ಬ್ಯಾಗಿನ ಶಾಖ ಕೊಡುವುದಂತೂ ಬೇಡವೇ ಬೇಡ. ಆ ಚರ್ಮಕ್ಕೆ ಸ್ಪರ್ಶ ಕಡಿಮೆ, ಸುಟ್ಟದ್ದು ಗೊತ್ತಾಗುವಷ್ಟರಲ್ಲಿ ಹೊಸ ಹುಣ್ಣಾಗಿರುತ್ತದೆ. ಆಟಿಯ ಮಳೆಗಾಲದಲ್ಲಿ ಬಟ್ಟೆ ಒಣಗದೆ ಹಸಿ ರವಿಕೆಯನ್ನೇ ತೊಡುವುದುಂಟು. ಡ್ರೆಸ್ಸಿಂಗ್ ತೇವವಾದ ಕೂಡಲೇ ಬದಲಿಸಿ, ಸುತ್ತಲಿನ ಚರ್ಮ ಬೆಳ್ಳಗೆ ನೆನೆಯಲು ಬಿಡಬೇಡಿ.

ಆಪರೇಷನ್ನಿಗೆ ಮೊದಲಿನ ನಾಲ್ಕು ವಾರ ದೇಹವನ್ನು ಸಿದ್ಧಗೊಳಿಸುವುದಕ್ಕೆ. ಹೊಗೆಸೊಪ್ಪು, ಬೀಡಿ ಪೂರ್ತಿ ನಿಲ್ಲಬೇಕು. ನಿಕೊಟಿನ್ ಫ್ಲಾಪಿನ ತುದಿಯ ಸಣ್ಣ ನಾಳಗಳನ್ನು ಹಿಂಡಿಬಿಡುತ್ತದೆ. ಹಿಮೋಗ್ಲೋಬಿನ್ 10ರ ಮೇಲೆ, ರಕ್ತದ ಆಲ್ಬುಮಿನ್ 3.5ರ ಮೇಲೆ ಬಂದರೆ ಒಳ್ಳೆಯದು. ಕೀವು ಸೋರುವ ಗಾಯದಿಂದ ದಿನವೂ ಪ್ರೋಟೀನ್ ಹೋಗುತ್ತಿರುತ್ತದೆ. ಕುಚ್ಚಿಲಕ್ಕಿ ಗಂಜಿ, ಉಪ್ಪಿನಕಾಯಿ, ಹಪ್ಪಳದಲ್ಲಿ ಅದು ತುಂಬುವುದಿಲ್ಲ. 50 ಕಿಲೋ ತೂಕದವರಿಗೆ ದಿನಕ್ಕೆ 60ರಿಂದ 75 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ 6 ಗ್ರಾಂ, 100 ಗ್ರಾಂ ಬಂಗುಡೆ ಅಥವಾ ಬೂತಾಯಿಯಲ್ಲಿ ಸುಮಾರು 20 ಗ್ರಾಂ. ಮೀನು ಮೊಟ್ಟೆ ತಿನ್ನದವರ ಮನೆಯಲ್ಲಿ 100 ಗ್ರಾಂ ಹೆಸರುಕಾಳು 24 ಗ್ರಾಂ ಕೊಡುತ್ತದೆ, ಒಂದು ಲೋಟ ಹಾಲು 6 ಗ್ರಾಂ. ಕಿಡ್ನಿ ತೊಂದರೆ ಇರುವವರು ಮಾತ್ರ ಕೇಳಿಯೇ ಹೆಚ್ಚಿಸಬೇಕು.

ಇನ್ನು ಆಪರೇಷನ್. ಎದೆಯ ಸರ್ಜನ್ ಮತ್ತು ಪ್ಲಾಸ್ಟಿಕ್ ಸರ್ಜನ್ ಇಬ್ಬರೂ ಒಂದೇ ಮೇಜಿನಲ್ಲಿ ನಿಲ್ಲಬೇಕಾದ ಕೆಲಸ ಇದು. ಯಾವುದಾದರೊಂದು ಆಸ್ಪತ್ರೆಯನ್ನು ಆರಿಸುವಾಗ ಮೊದಲು ಕೇಳಬೇಕಾದ ಪ್ರಶ್ನೆಯೂ ಇದೇ. ಮೊದಲ ಹಂತ ಕತ್ತರಿಸುವುದು. ಎಷ್ಟು? ಹುಣ್ಣಿನ ಅಂಚಿನಿಂದ ಇಷ್ಟು ಬೆರಳು ಎಂಬ ಲೆಕ್ಕವಿಲ್ಲ. ಚರ್ಮ ಮೆದುವಾಗಿ, ಕೊಯ್ದ ಅಂಚಿನಿಂದ ಕೆಂಪು ರಕ್ತ ಚುಕ್ಕೆ ಚುಕ್ಕೆಯಾಗಿ ಜಿನುಗುವವರೆಗೆ. ಎಲುಬಾದರೆ ತುಂಡರಿಸಿದ ತುದಿಯ ಮಜ್ಜೆಯಲ್ಲಿ ರಕ್ತ ಕಾಣುವವರೆಗೆ. 4 ಸೆಂ.ಮೀ. ಹುಣ್ಣು ತೆಗೆದಾಗ 12 ಸೆಂ.ಮೀ. ಅಗಲದ ಗುಂಡಿಯಾಗುವುದುಂಟು. ಅದನ್ನು ಕಂಡು ಮನೆಯವರು ಗಾಬರಿಯಾಗುವುದು ಸಹಜ, ಆದ್ದರಿಂದ ಈ ಅಳತೆಯನ್ನು ಮೊದಲೇ ಹೇಳಿಸಿಕೊಳ್ಳಿ. ಈ ಶಸ್ತ್ರಕ್ರಿಯೆ ಸೋಲುವ ದೊಡ್ಡ ಕಾರಣ ಕತ್ತರಿಸುವಾಗಿನ ಸಂಕೋಚ. ಸತ್ತ ಎಲುಬಿನ ಒಂದು ಇಂಚು ಉಳಿದರೂ ಎಷ್ಟು ಒಳ್ಳೆಯ ಫ್ಲಾಪಿನ ಕೆಳಗಿಂದಲೂ ಆರು ತಿಂಗಳಲ್ಲಿ ಮತ್ತೆ ಕೀವಿನ ತೂತು ಬರುತ್ತದೆ. ಹೃದಯದ ಹೊದಿಕೆ, ದೊಡ್ಡ ರಕ್ತನಾಳ, ಕೈಗೆ ಹೋಗುವ ನರಗಳ ಗೊಂಚಲು ಇರುವ ಕಡೆ ಮಾತ್ರ ಕೈ ತಡೆದು, ತೆಳು ನಾರನ್ನು ಉಳಿಸಿ, ಅದರ ಮೇಲೆ ಒಳ್ಳೆಯ ಮಾಂಸ ಹೊದಿಸುತ್ತಾರೆ.

ಕತ್ತರಿಸುವುದು ಮತ್ತು ಮುಚ್ಚುವುದು ಒಂದೇ ದಿನ ಆಗಬೇಕೆಂದಿಲ್ಲ. ಕೀವು ತುಂಬಿದ್ದರೆ ಮೊದಲು ಶುದ್ಧ ಮಾಡಿ, ಕೆಲವು ದಿನ ವ್ಯಾಕ್ಯೂಂ ಡ್ರೆಸ್ಸಿಂಗ್ (ಸ್ಪಂಜಿನ ಮೂಲಕ ಗಾಯದ ದ್ರವ ಹೀರುವುದು) ಇಟ್ಟು, ಬಯಾಪ್ಸಿ ರಿಪೋರ್ಟು ಕೈಗೆ ಬಂದ ಮೇಲೆ ಮುಚ್ಚುವುದು ಹೆಚ್ಚು ಸುರಕ್ಷಿತ. ಆ ಸ್ಪಂಜು ಹೃದಯದ ಮೇಲೆ, ತೆರೆದ ರಕ್ತನಾಳದ ಮೇಲೆ, ಕ್ಯಾನ್ಸರ್ ಇರುವ ಮಾಂಸದ ಮೇಲೆ ನೇರವಾಗಿ ಕೂರಬಾರದು. ಕಿರಣದಿಂದ ಸವೆದ ನಾಳದ ಗೋಡೆ ಎಳೆತಕ್ಕೆ ಹರಿದು ಪ್ರಾಣಕ್ಕೇ ಕುತ್ತಾಗಬಹುದು.

ಪಕ್ಕೆಲುಬು ತೆಗೆದರೆ ಎದೆ ಕುಸಿಯುವುದಿಲ್ಲವೇ? ಮುಂಭಾಗದಲ್ಲಿ 5 ಸೆಂ.ಮೀ.ಗಿಂತ ದೊಡ್ಡ ಗುಂಡಿಯಾದರೆ, ನಾಲ್ಕು ಅಥವಾ ಹೆಚ್ಚು ಪಕ್ಕೆಲುಬು ಹೋದರೆ ಆಧಾರ ಬೇಕೆಂಬುದು ಸಾಮಾನ್ಯ ಲೆಕ್ಕ. ಇಲ್ಲದಿದ್ದರೆ ಉಸಿರೆಳೆದಾಗ ಆ ಭಾಗ ಒಳಕ್ಕೆ ಹೋಗಿ, ಕೆಮ್ಮಲು ಬಲ ಸಿಗದೆ ನ್ಯುಮೋನಿಯಾ ಬರುತ್ತದೆ. ಕಿರಣ ಬಿದ್ದ ಎದೆಯಲ್ಲಿ ಈ ಲೆಕ್ಕ ಸ್ವಲ್ಪ ಸಡಿಲ. ಸುತ್ತಲಿನದು ನಾರುಗಟ್ಟಿ ಬಿಗಿಯಾಗಿರುತ್ತದೆ, ಶ್ವಾಸಕೋಶ ಗೋಡೆಗೆ ಅಂಟಿರುತ್ತದೆ, ಹಾಗಾಗಿ ಎರಡು ಮೂರು ಪಕ್ಕೆಲುಬು ಹೋದರೂ ದಪ್ಪ ಮಾಂಸದ ಫ್ಲಾಪಿನ ಆಧಾರವೇ ಸಾಕಾಗುವುದು ಹೆಚ್ಚು. ಎದೆಮೂಳೆಯೊಂದಿಗೆ ದೊಡ್ಡ ಭಾಗ ಹೋದಾಗ ಪಾಲಿಪ್ರೊಪಿಲೀನ್ ಜಾಲರಿ, ಪಿ.ಟಿ.ಎಫ್.ಇ. ಹಾಳೆ, ಎರಡು ಜಾಲರಿಗಳ ನಡುವೆ ಎಲುಬಿನ ಸಿಮೆಂಟು, ಟೈಟೇನಿಯಂ ಪಟ್ಟಿ ಇವುಗಳಲ್ಲಿ ಒಂದು ಬೇಕಾಗುತ್ತದೆ. ಸೋಂಕಿರುವ ಜಾಗಕ್ಕೆ ಇಂಥ ಹೊರವಸ್ತು ಹಾಕಿದರೆ ಅದೇ ಹೊಸ ರೋಗವಾಗಿ, ಕೊನೆಗೆ ತೆಗೆಯಬೇಕಾಗುತ್ತದೆ. ಆದ್ದರಿಂದ ಸೋಂಕು ಇಳಿಯುವವರೆಗೆ ಕಾಯುತ್ತಾರೆ, ಇಲ್ಲವೇ ಪ್ರಾಣಿಜನ್ಯ ಹಾಳೆ ಬಳಸುತ್ತಾರೆ. ಅದರ ಬೆಲೆ ಬಹಳ ಹೆಚ್ಚು.

ಫ್ಲಾಪ್‌ಗಳಲ್ಲಿ ಬೆನ್ನಿನ ಅಗಲ ಸ್ನಾಯು, ಲ್ಯಾಟಿಸಿಮಸ್ ಡಾರ್ಸೈ, ಮೊದಲ ಆಯ್ಕೆ. ಇಟಲಿಯ ತಾನ್ಸಿನಿ ಎಂಬ ಸರ್ಜನ್ 1906ರಲ್ಲೇ ಸ್ತನ ತೆಗೆದ ಎದೆ ಮುಚ್ಚಲು ಇದನ್ನು ವಿವರಿಸಿದ್ದರು. ಆಮೇಲೆ ಜಗತ್ತು ಅದನ್ನು ಮರೆತು 1970ರ ದಶಕದಲ್ಲಿ ಮತ್ತೆ ಕಂಡುಕೊಂಡಿತು. ಕಂಕುಳಲ್ಲಿರುವ ಒಂದೇ ರಕ್ತನಾಳದ ಮೇಲೆ ಇಡೀ ಸ್ನಾಯು ಬದುಕುತ್ತದೆ, ಆ ನಾಳವನ್ನೇ ಕೀಲಾಗಿಸಿಕೊಂಡು ಬೆನ್ನಿನಿಂದ ಎದೆಗೆ ತಿರುಗಿಸುತ್ತಾರೆ. ಜೊತೆಗೆ ದೋಣಿಯಾಕಾರದ ಚರ್ಮವೂ ಬರುತ್ತದೆ. ಬೆನ್ನನ್ನು ನೇರ ಹೊಲಿದು ಮುಚ್ಚಬೇಕಾದರೆ ಆ ಚರ್ಮದ ಅಗಲ 8ರಿಂದ 10 ಸೆಂ.ಮೀ. ಮೀರಬಾರದು. ಇಲ್ಲಿ ಒಂದು ತೊಡಕಿದೆ. ಹಿಂದೆ ಕಂಕುಳಿನ ಗ್ರಂಥಿ ತೆಗೆಯುವಾಗ ಆ ನಾಳ ಕಟ್ಟಾಗಿರಬಹುದು. ಸೊಂಟದ ಮೇಲೆ ಕೈಯಿಟ್ಟು ಒಳಕ್ಕೆ ಒತ್ತಿ ಕೆಮ್ಮಲು ಹೇಳಿ, ಕಂಕುಳಿನ ಹಿಂದಿನ ಮಡಿಕೆಯನ್ನು ಬೆರಳಿನಿಂದ ಹಿಡಿದು ನೋಡಬೇಕು. ಸ್ನಾಯು ಗಟ್ಟಿಯಾದರೆ ನರ ಉಳಿದಿದೆ, ಜೊತೆಯಲ್ಲೇ ಹೋಗುವ ನಾಳವೂ ಉಳಿದಿರುವ ಸಾಧ್ಯತೆ ಹೆಚ್ಚು. ನಾಳ ಮೇಲ್ಗಡೆ ಕಟ್ಟಾಗಿದ್ದರೂ ಪಕ್ಕದ ಸೆರೇಟಸ್ ಸ್ನಾಯುವಿನ ಕವಲಿನಿಂದ ರಕ್ತ ಹಿಮ್ಮುಖವಾಗಿ ಬಂದು ಫ್ಲಾಪ್ ಬದುಕಬಲ್ಲದು. ಆ ಕವಲನ್ನು ಅವಸರದಲ್ಲಿ ಕತ್ತರಿಸಿದರೆ ಮಾತ್ರ ಎಲ್ಲವೂ ಹೋಯಿತು.

ಬೆನ್ನಿನ ಈ ಅಗಲ ಸ್ನಾಯುವಿನ ಕೆಲಸ ಎತ್ತಿದ ಕೈಯನ್ನು ಕೆಳಕ್ಕೆ ಎಳೆಯುವುದು. ಬಾವಿಯಿಂದ ನೀರು ಸೇದುವ ಎಳೆತ, ಕತ್ತಿಯಲ್ಲಿ ಸೌದೆ ಕಡಿಯುವ ಬಲ ಅಲ್ಲಿಂದಲೇ ಬರುತ್ತದೆ. ದಿನದ ಅಡುಗೆ ಕೆಲಸಕ್ಕೆ ತೊಂದರೆಯಾಗದು, ಆದರೆ ರಾಟೆಯ ಹಗ್ಗ ಎಳೆದೇ ಬದುಕುವ ಮನೆಯಾದರೆ ಆಪರೇಷನ್ನಿಗೆ ಮೊದಲೇ ಪಂಪಿನ ವ್ಯವಸ್ಥೆಯ ಬಗ್ಗೆ ಯೋಚಿಸಿ. ಊರುಗೋಲು ಹಿಡಿದು ನಡೆಯುವವರಿಗೂ ಈ ನಷ್ಟ ತಟ್ಟುತ್ತದೆ. ಇದನ್ನು ಸರ್ಜನ್‌ಗೆ ಹೇಳಲೇಬೇಕು.

ಗುಂಡಿ ಆಳವಾಗಿ, ಅಂಕುಡೊಂಕಾಗಿ, ಸೋಂಕಿನಿಂದ ಕೂಡಿದ್ದರೆ ನನ್ನ ಒಲವು ಓಮೆಂಟಮ್ ಕಡೆಗೆ. ಹೊಟ್ಟೆಯೊಳಗೆ ಕರುಳಿನ ಮುಂದೆ ಏಪ್ರನ್ನಿನಂತೆ ಇಳಿಬಿದ್ದಿರುವ ಕೊಬ್ಬಿನ ಪರದೆ ಅದು. ರಕ್ತನಾಳ ಹೇರಳ, ಯಾವ ಮೂಲೆಗೂ ತುಂಬಿಕೊಳ್ಳುತ್ತದೆ, ಎದೆಯ ಕಿರಣ ಅದನ್ನು ಮುಟ್ಟಿರುವುದಿಲ್ಲ. ರೊಮೇನಿಯದ ಕಿರಿಕುತಾ 1963ರಲ್ಲಿ ರೇಡಿಯೇಷನ್ನಿನಿಂದ ಹಾಳಾದ ಎದೆಗೆ ಇದನ್ನು ಬಳಸಿದ ವಿಷಯ ಪ್ರಕಟಿಸಿದರು. ಜಠರದ ಕೆಳಗಂಚಿನ ಬದಿಯಿಂದ ಬಿಡಿಸಿ, ಸಾಮಾನ್ಯವಾಗಿ ಬಲಗಡೆಯ ನಾಳವನ್ನು ಉಳಿಸಿಕೊಂಡು, ಪಕ್ಕೆಲುಬಿನ ಅಂಚಿನ ಮೇಲಿಂದ ಅಥವಾ ವಪೆಯ (ಎದೆ, ಹೊಟ್ಟೆಗಳ ನಡುವಿನ ಸ್ನಾಯುವಿನ ಪರದೆ) ಸಣ್ಣ ಕಿಂಡಿಯ ಮೂಲಕ ಎದೆಗೆ ತರುತ್ತಾರೆ. ಈಗ ಲ್ಯಾಪರೊಸ್ಕೋಪಿಯಲ್ಲೂ ಆಗುತ್ತದೆ. ಮೇಲೆ ಚರ್ಮವಿಲ್ಲವಾದ್ದರಿಂದ ತೊಡೆಯಿಂದ 0.3ರಿಂದ 0.4 ಮಿ.ಮೀ. ದಪ್ಪದ ತೆಳು ಚರ್ಮ ತೆಗೆದು ಅಂಟಿಸುತ್ತಾರೆ, ಅದೇ ದಿನ ಅಥವಾ ಮೂರರಿಂದ ಐದು ದಿನ ಕಳೆದು. ಬರಡು ನೆಲದಲ್ಲಿ ನಿಲ್ಲದ ಅದೇ ಚರ್ಮ ಇಲ್ಲಿ ಸೊಗಸಾಗಿ ಹಿಡಿದುಕೊಳ್ಳುತ್ತದೆ. ಕೊರತೆಗಳೂ ಇವೆ. ತೆಳ್ಳಗಿನವರಲ್ಲಿ ಓಮೆಂಟಮ್ ಸಣ್ಣದಿರಬಹುದು, ಖಚಿತ ಅಳತೆ ಹೊಟ್ಟೆ ತೆರೆದಾಗಲೇ ತಿಳಿಯುವುದು. ಹಿಂದೆ ಕರುಳು ತೂತಾಗಿ ಹೊಟ್ಟೆಯಲ್ಲಿ ಕೀವಾಗಿದ್ದವರಲ್ಲಿ ಅಂಟಿಹೋಗಿರುತ್ತದೆ. ದಾಟಿಸಿದ ಕಿಂಡಿಯಲ್ಲಿ ಹರ್ನಿಯಾ ಆಗಬಹುದು. ಬಲವಾದ ಗೋಡೆಯಂತೂ ಆಗುವುದಿಲ್ಲ.

ಎದೆಯ ಕೆಳಭಾಗಕ್ಕೆ ಹೊಟ್ಟೆಯ ನೇರ ಸ್ನಾಯು ಒಳ್ಳೆಯದು. ಅದಕ್ಕೆ ರಕ್ತ ಬರುವುದು ಎದೆಮೂಳೆಯ ಪಕ್ಕದಲ್ಲಿ ಇಳಿಯುವ ನಾಳದಿಂದ. ಬೈಪಾಸ್ ಸರ್ಜರಿಯಲ್ಲಿ ಎಡಗಡೆಯ ಆ ನಾಳವನ್ನು ಹೃದಯಕ್ಕೆ ಜೋಡಿಸಿದ್ದರೆ ಎಡ ಸ್ನಾಯು ಸಿಗದು. ಪಿತ್ತಕೋಶಕ್ಕೆ ಹಿಂದೆ ಬಲ ಪಕ್ಕೆಲುಬಿನ ಕೆಳಗೆ ಓರೆಯಾಗಿ ದೊಡ್ಡ ಕೊಯ್ತ ಆಗಿದ್ದರೆ ಬಲ ಸ್ನಾಯು ಅಲ್ಲೇ ತುಂಡಾಗಿರುತ್ತದೆ. ಸಿಸೇರಿಯನ್ನಿನ ಅಡ್ಡ ಗೆರೆ ಸಾಮಾನ್ಯವಾಗಿ ಅಡ್ಡಿಯಲ್ಲ. ಹತ್ತಿರದ್ದು ಯಾವುದೂ ಸಿಗದಾಗ ತೊಡೆಯಿಂದ ಅಥವಾ ಹೊಟ್ಟೆಯಿಂದ ಮಾಂಸವನ್ನು ನಾಳಸಮೇತ ಪೂರ್ತಿ ಬಿಡಿಸಿ ತಂದು ಸೂಕ್ಷ್ಮದರ್ಶಕದ ಕೆಳಗೆ ಜೋಡಿಸುತ್ತಾರೆ. ಜೋಡಿಸುವ ನಾಳ ಕತ್ತಿನಿಂದಲೋ ಎದೆಯ ಇನ್ನೊಂದು ಬದಿಯಿಂದಲೋ, ಒಟ್ಟಿನಲ್ಲಿ ಕಿರಣ ಬೀಳದ ಕಡೆಯಿಂದ ಬಂದರೆ ಕ್ಷೇಮ.

ಮೊದಲ 24 ಗಂಟೆ ಫ್ಲಾಪನ್ನು ಗಂಟೆಗೊಮ್ಮೆ ನೋಡಬೇಕು. ಬೆರಳಿನಿಂದ ಒತ್ತಿ ಬಿಟ್ಟರೆ ಎರಡು ಮೂರು ಸೆಕೆಂಡಿನಲ್ಲಿ ಬಣ್ಣ ಮರಳಿದರೆ ಸರಿ. ಬಿಳಿಚಿ ತಣ್ಣಗಾದರೆ ರಕ್ತ ಒಳಬರುತ್ತಿಲ್ಲ. ನೀಲಿಯಾಗಿ, ಉಬ್ಬಿ, ಒತ್ತಿದೊಡನೆ ಥಟ್ಟನೆ ಬಣ್ಣ ಬಂದರೆ ರಕ್ತ ಹೊರಹೋಗುತ್ತಿಲ್ಲ, ಕೆಳಗೆ ರಕ್ತ ಹೆಪ್ಪುಗಟ್ಟಿರಬಹುದು ಅಥವಾ ಕೀಲು ತಿರುಚಿರಬಹುದು. ಎರಡಕ್ಕೂ ಬೆಳಗಿನ ರೌಂಡ್ಸ್‌ವರೆಗೆ ಕಾಯುವ ಹಾಗಿಲ್ಲ. ಬೆನ್ನಿನ ಫ್ಲಾಪಾದರೆ ಆ ಕಡೆಗೆ ಮಗ್ಗುಲಾಗಬಾರದು, ಕೈಯನ್ನು ದೇಹಕ್ಕೆ ಒತ್ತಿ ಕಟ್ಟಬಾರದು. ಕಂಕುಳಲ್ಲಿ ಮಡಚಿದ ಬೈರಾಸಿನಷ್ಟು (ಟವೆಲಿನಷ್ಟು) ಜಾಗ ಬಿಡಬೇಕು. ರಾತ್ರಿ ಜೊತೆಗಿರುವ ಮಗಳಿಗೋ ಸೊಸೆಗೋ ಇಷ್ಟು ಹೇಳಿಕೊಟ್ಟರೆ ಅದು ಇನ್ನೊಬ್ಬ ನರ್ಸ್ ಇದ್ದಂತೆ.

ಎದೆಯ ಟ್ಯೂಬು ಗಾಳಿ ಸೋರುವುದು ನಿಂತು, ದಿನದ ದ್ರವ 150ರಿಂದ 200 ಮಿ.ಲೀ.ಗಿಂತ ಇಳಿದ ಮೇಲೆ ಹೊರಬರುತ್ತದೆ. ಬೆನ್ನಿನ ಡ್ರೇನ್ (ದ್ರವ ಹೊರಬಿಡುವ ಕೊಳವೆ) ಎರಡು ವಾರದವರೆಗೂ ಇರಬಹುದು. ದಿನಕ್ಕೆ 30 ಮಿ.ಲೀ.ಗಿಂತ ಕಡಿಮೆಯಾಗುವ ಮೊದಲು ತೆಗೆದರೆ ಬೆನ್ನಿನಲ್ಲಿ ನೀರಿನ ಚೀಲ ಕಟ್ಟುತ್ತದೆ. ನೋವಿನ ಮದ್ದು ಸರಿಯಾಗಿ ಕೊಟ್ಟರಷ್ಟೇ ರೋಗಿ ಆಳವಾಗಿ ಉಸಿರೆಳೆಯುತ್ತಾರೆ, ಕೆಮ್ಮುತ್ತಾರೆ. ನೋವು ತಡೆದುಕೊಳ್ಳುವುದು ಧೈರ್ಯವೆಂದು ತಿಳಿದು ಸುಮ್ಮನಿರುವ ನಮ್ಮ ಅಮ್ಮಂದಿರಿಗೆ ಇದನ್ನು ಬಿಡಿಸಿ ಹೇಳಬೇಕು. ಮೂರು ಚೆಂಡಿನ ಊದುಗೊಳವೆಯಲ್ಲಿ ಉಸಿರನ್ನು ಒಳಕ್ಕೆ ಎಳೆಯಬೇಕು, ಹೊರಕ್ಕೆ ಊದುವುದಲ್ಲ, ಎಚ್ಚರವಿರುವಾಗ ಗಂಟೆಗೆ ಹತ್ತು ಸಲ. ಸತ್ತ ಎಲುಬೆಲ್ಲ ಹೋಗಿದ್ದರೆ ಆಂಟಿಬಯಾಟಿಕ್ ಕಡಿಮೆ ದಿನ ಸಾಕು. ಸೋಂಕಿನ ಎಲುಬು ಉಳಿಸಬೇಕಾಗಿ ಬಂದಿದ್ದರೆ ಆರು ವಾರದ ಮಾತು.

ಹೊಲಿಗೆ ತೆಗೆಯುವ ಅವಸರ ಬೇಡ. ಕಿರಣ ಬಿದ್ದ ಅಂಚು ಕೂಡಲು ಮೂರು ವಾರ ಬೇಕಾಗುತ್ತದೆ. ಊರಿನ ಕ್ಲಿನಿಕ್ಕಿನಲ್ಲಿ ರೂಢಿಯಂತೆ ಹತ್ತನೇ ದಿನ ತೆಗೆದುಬಿಟ್ಟರೆ ಬಾಯಿ ಬಿಡುತ್ತದೆ, ಡಿಸ್ಚಾರ್ಜ್ ಚೀಟಿಯಲ್ಲಿ ತಾರೀಕು ಬರೆಸಿಕೊಂಡೇ ಬನ್ನಿ. ಫ್ಲಾಪಿನ ತುದಿ ಒಂದೆರಡು ಸೆಂ.ಮೀ. ಕಪ್ಪಾಗುವುದು ಕೆಲವರಲ್ಲಿ ಆಗುತ್ತದೆ. ಒಳಗಿನ ಮಾಂಸ ಬದುಕಿದ್ದರೆ ಅದನ್ನು ಕತ್ತರಿಸಿ ಡ್ರೆಸ್ಸಿಂಗಿನಲ್ಲೇ ವಾಸಿ ಮಾಡಬಹುದು. ಕೈಯ ಜೋಮು, ಬಾವು ಮೊದಲೇ ಇದ್ದರೆ ಈ ಆಪರೇಷನ್ನಿನಿಂದ ಅವು ಹೋಗುವುದಿಲ್ಲ. ಹೋಗುವುದು ವಾಸನೆ, ಕೀವು, ದಿನದ ಡ್ರೆಸ್ಸಿಂಗ್ ಮತ್ತು ಬಹುಪಾಲು ನೋವು.

ಖರ್ಚಿನ ಬಗ್ಗೆ: ಕೇರಳದ ಕಾರುಣ್ಯ ಆರೋಗ್ಯ ಸುರಕ್ಷಾ ಪದ್ಧತಿಯ ಕಾರ್ಡಿನಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಇದೆ. ದಾಖಲಾಗುವ ಮೊದಲೇ ಆ ಆಸ್ಪತ್ರೆಯ ಕೌಂಟರಿನಲ್ಲಿ ಕಾರ್ಡು ತೋರಿಸಿ, ಎಲುಬು ತೆಗೆಯುವುದು, ಫ್ಲಾಪ್, ಜಾಲರಿ, ಐ.ಸಿ.ಯು. ನಾಲ್ಕೂ ಪ್ಯಾಕೇಜಿನಲ್ಲಿ ಬರುತ್ತವೆಯೇ ಎಂದು ಒಂದೊಂದಾಗಿ ಕೇಳಿ. ಗಡಿಯಾಚೆ ಮಂಗಳೂರಿಗೆ ಹೋಗುವವರು ಕಾರ್ಡು ಅಲ್ಲಿ ನಡೆಯುತ್ತದೆಯೇ ಎಂಬುದನ್ನು ಆಂಬುಲೆನ್ಸ್ ಹತ್ತುವ ಮೊದಲು ಫೋನಿನಲ್ಲಿ ಖಚಿತ ಮಾಡಿಕೊಳ್ಳಿ.

ಕ್ಯಾನ್ಸರ್ ಬೇರೆಡೆ ಹರಡಿದೆ, ದೇಹ ಇಷ್ಟು ದೊಡ್ಡ ಶಸ್ತ್ರಕ್ರಿಯೆ ತಡೆಯದು ಎಂದಾದವರಿಗೂ ಮಾಡಬಹುದಾದದ್ದು ಇದೆ. ಸತ್ತ ಮಾಂಸವನ್ನಷ್ಟೇ ತೆಗೆದು, ವಾಸನೆಗೆ ಮೆಟ್ರೊನಿಡಜೋಲ್ ಜೆಲ್ ಅಥವಾ ಮಾತ್ರೆ ಪುಡಿ ಮಾಡಿ ಗಾಯಕ್ಕೆ ಉದುರಿಸಿದರೆ ಎರಡು ಮೂರು ದಿನದಲ್ಲಿ ಕೋಣೆಯಲ್ಲಿ ಕೂರುವಂತಾಗುತ್ತದೆ. ಕೇರಳ 2008ರಲ್ಲೇ ಪಾಲಿಯೇಟಿವ್ (ನೋವು ಇಳಿಸಿ ನೆಮ್ಮದಿ ಕೊಡುವ) ಆರೈಕೆಗೆ ಸರಕಾರಿ ನೀತಿ ತಂದ ರಾಜ್ಯ. ಪಂಚಾಯತಿನ ಪಾಲಿಯೇಟಿವ್ ನರ್ಸ್ ಮನೆಗೇ ಬಂದು ಡ್ರೆಸ್ಸಿಂಗ್ ಮಾಡುತ್ತಾರೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೆಸರು ಬರೆಸಿದರೆ ಸಾಕು. ಮಲಯಾಳ ಮಾತಾಡಲು ಬಾರದ ಅಜ್ಜಿಯಂದಿರು ನೋವು ಎಲ್ಲಿ, ಎಷ್ಟು ಎಂದು ಹೇಳಲಾಗದೆ ಸುಮ್ಮನಾಗುತ್ತಾರೆ. ಮನೆಯವರೊಬ್ಬರು ಆ ಹೊತ್ತಿಗೆ ಪಕ್ಕದಲ್ಲಿ ಕೂತು ಅವರ ಮಾತನ್ನು ನರ್ಸಿಗೆ ದಾಟಿಸಿ.